ಯಾರ ಮಾತು ಕೇಳಿ ಲೆನ್ಸ್ ಕೊಳ್ಳುತ್ತೇವೆ?

ಕ್ಯಾಮೆರಾ ಅಂಗಡಿಗೆ ಬರುವ ಗಿರಾಕಿ ಇವತ್ತು ಲೆನ್ಸ್‌ನ ಹೆಸರಿನ ಜೊತೆಗೆ ಒಬ್ಬ ಛಾಯಾಗ್ರಾಹಕರ ಹೆಸರನ್ನೂ ಹೇಳುತ್ತಾನೆ. ‘ಅವರು ಬಳಸೋದು ಇದನ್ನೇ’ ಎಂಬುದೇ ಅವನ ಮುಖ್ಯ ಕಾರಣ. ಇದರಲ್ಲಿ ತಪ್ಪೇನೂ ಇಲ್ಲ. ಒಂದೂವರೆ ಲಕ್ಷ ಕೊಟ್ಟು ಕೊಳ್ಳುವ ವಸ್ತುವನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಹತ್ತು ನಿಮಿಷ ಹಿಡಿದು ನೋಡಿ ಅಳೆಯಲು ಆಗುವುದಿಲ್ಲ. ವರ್ಷಗಟ್ಟಲೆ ಬಳಸಿದವರ ಮಾತಿಗೆ ಬೆಲೆ ಇದ್ದೇ ಇದೆ. ತೊಂದರೆ ಶುರುವಾಗುವುದು ಆ ಮಾತು ಬಾಯಿಂದ ಬಾಯಿಗೆ ಹೋಗುವಾಗ. ಅವರು ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ, ಯಾವ ಅಳತೆಯ ಪ್ರಿಂಟಿಗಾಗಿ ತೆಗೆಯುತ್ತಾರೆ ಎಂಬ ವಿವರ ದಾರಿಯಲ್ಲೇ ಉದುರಿಹೋಗುತ್ತದೆ. ‘ಒಳ್ಳೇ ಲೆನ್ಸ್’ ಎಂಬ ತೀರ್ಪೊಂದೇ ನಮ್ಮವರೆಗೆ ತಲುಪುತ್ತದೆ. ಕೊಂಡ ಮೇಲೆ ನಿರಾಸೆಯಾದರೆ ಅದಕ್ಕೆ ಸಾಮಾನ್ಯವಾಗಿ ಕಾರಣ ಆ ಉದುರಿಹೋದ ವಿವರ, ಗಾಜಿನ ದೋಷವಲ್ಲ.

ಒಂದು ಹೆಸರು ಏನು ಮಾಡಬಲ್ಲದು ಎಂಬುದಕ್ಕೆ 1950ರಲ್ಲಿ ಟೋಕಿಯೊದಲ್ಲಿ ನಡೆದದ್ದನ್ನು ನೋಡಬೇಕು. ಅಮೆರಿಕದ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಾಸ್ ಡಂಕನ್ ಆಗ ಅಲ್ಲಿದ್ದರು. ಜೂನ್ ಮಿಕಿ ಎಂಬ ಜಪಾನಿ ಛಾಯಾಗ್ರಾಹಕ ನಿಕ್ಕೋರ್ 85 ಎಂಎಂ ಎಫ್/2 ಲೆನ್ಸ್ (ಎಂಎಂ ಹೆಚ್ಚಿದಷ್ಟು ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಕಡಿಮೆಯಾದಷ್ಟು ಹೆಚ್ಚು ಬೆಳಕು ಒಳಬರುತ್ತದೆ) ಹಾಕಿ ಡಂಕನ್ ಅವರದೇ ಒಂದು ಚಿತ್ರ ತೆಗೆದರು. ಪ್ರಿಂಟ್ ನೋಡಿದ ಡಂಕನ್‌ಗೆ ಅದರ ಶಾರ್ಪ್‌ನೆಸ್ ಅಚ್ಚರಿ ಹುಟ್ಟಿಸಿತು. ಆ ಕಾಲಕ್ಕೆ ಲೆನ್ಸ್ ಅಂದರೆ ಜರ್ಮನಿಯ ಲೈಟ್ಸ್ (Leitz) ಅಥವಾ ಝೈಸ್ ಕಂಪನಿಯದ್ದು. ಜಪಾನಿನ ಮಾಲು ಅಂದರೆ ಅಗ್ಗದ ನಕಲು ಎಂಬುದೇ ಪಶ್ಚಿಮದವರ ನಂಬಿಕೆ. ಡಂಕನ್ ಬರೀ ಮೆಚ್ಚಿ ಸುಮ್ಮನಾಗಲಿಲ್ಲ. ಹೊರೇಸ್ ಬ್ರಿಸ್ಟಲ್ ಎಂಬ ಇನ್ನೊಬ್ಬ ಅಮೆರಿಕನ್ ಛಾಯಾಗ್ರಾಹಕರ ಜೊತೆ ನಿಕ್ಕೋರ್ ತಯಾರಿಸುವ ನಿಪ್ಪಾನ್ ಕೊಗಾಕು (ಇಂದಿನ ನಿಕಾನ್) ಕಾರ್ಖಾನೆಗೇ ಹೋಗಿ, ತಮ್ಮ ಜರ್ಮನ್ ಲೆನ್ಸ್‌ಗಳನ್ನು ನಿಕ್ಕೋರ್‌ಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿ ನೋಡಿದರು. ಆಮೇಲೆ ತಮ್ಮ ಲೈಕಾ ಕ್ಯಾಮೆರಾಗಳಿಗೆ ನಿಕ್ಕೋರ್ ಲೆನ್ಸ್ ಹಾಕಿಕೊಂಡರು. ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು; ಆ ಲೆನ್ಸ್‌ಗಳ ಚಿತ್ರಗಳು ‘ಲೈಫ್’ನ ದೊಡ್ಡ ಪುಟಗಳಲ್ಲಿ ಅಚ್ಚಾದವು. ಅದೇ ವರ್ಷ ಡಿಸೆಂಬರ್ 10ರ ‘ನ್ಯೂಯಾರ್ಕ್ ಟೈಮ್ಸ್’ ಈ ಜಪಾನಿ ಲೆನ್ಸ್‌ಗಳ ಬಗ್ಗೆ ಬರೆಯಿತು. ಬೆಳೆದದ್ದು ಒಂದು ಕಂಪನಿಯ ಹೆಸರಷ್ಟೇ ಅಲ್ಲ, ಒಂದು ದೇಶದ ಇಡೀ ಉದ್ಯಮದ ಹೆಸರು.

ಡಂಕನ್ ಮಾತನ್ನು ನಂಬಿದವರು ಮೋಸಹೋಗಲಿಲ್ಲ. ಆ ಅಭಿಪ್ರಾಯದ ಹಿಂದೆ ಪಕ್ಕಪಕ್ಕದ ಹೋಲಿಕೆ ಇತ್ತು, ಕೆಲಸದಲ್ಲಿ ಬಳಸಿದ ನೆಗೆಟಿವ್‌ಗಳಿದ್ದವು, ಯಾರು ಬೇಕಾದರೂ ನೋಡಬಹುದಾದ ದೊಡ್ಡ ಮುದ್ರಣ ಇತ್ತು. ಖ್ಯಾತರ ಅಭಿಪ್ರಾಯ ಒಳ್ಳೆಯದೇ ಆಗಿದ್ದಾಗ ಹೀಗಿರುತ್ತದೆ.

ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕರಿ ಅವರ ಅಫ್ಘನ್ ಹುಡುಗಿಯ ಚಿತ್ರದ ಕಥೆ ಬೇರೆ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ತೆಗೆದದ್ದು. 1985ರ ಜೂನ್ ‘ನ್ಯಾಷನಲ್ ಜಿಯಾಗ್ರಫಿಕ್’ನ ಮುಖಪುಟ. ನಿಕಾನ್ ಎಫ್‌ಎಂ2 ಕ್ಯಾಮೆರಾ, ಕೊಡಾಕ್ರೋಮ್ 64 ಫಿಲ್ಮ್, ನಿಕ್ಕೋರ್ 105 ಎಂಎಂ ಎಫ್/2.5 ಲೆನ್ಸ್. ಇಂದಿಗೂ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಈ ಲೆನ್ಸ್ ಮಾರುವವರು ಆ ಚಿತ್ರದ ಹೆಸರು ಹೇಳದೆ ಬಿಡುವುದಿಲ್ಲ. ಲೆನ್ಸ್ ನಿಜಕ್ಕೂ ಒಳ್ಳೆಯದು. ಆದರೆ ಆ ಚಿತ್ರದಲ್ಲಿ ಲೆನ್ಸ್ ಮಾಡಿದ ಕೆಲಸ ಏನು? 105 ಎಂಎಂನಲ್ಲಿ ಕ್ಯಾಮೆರಾ ಲಂಬವಾಗಿ ಹಿಡಿದು ತಲೆ-ಭುಜದ ಚಿತ್ರ ತುಂಬಿಸಬೇಕಾದರೆ ಸುಮಾರು ಎರಡು ಮೀಟರ್ ದೂರ ನಿಲ್ಲಬೇಕು. ಅದೇ ಚೌಕಟ್ಟು 50 ಎಂಎಂನಲ್ಲಿ ಬೇಕೆಂದರೆ ಒಂದು ಮೀಟರ್‌ಗಿಂತ ಹತ್ತಿರ ಹೋಗಬೇಕು. ಮೂಗು ಮುಂದೆ ಬಂದು ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಮುಖದ ಪ್ರಮಾಣವನ್ನು ತೀರ್ಮಾನಿಸಿದ್ದು ದೂರ. ಚರ್ಮಕ್ಕೂ ಕಣ್ಣಿಗೂ ಆ ಗುಣ ಕೊಟ್ಟದ್ದು ಶಾಲೆಯ ಡೇರೆಯೊಳಗಿನ ಮೆತ್ತನೆಯ ಬೆಳಕು. 85, 90, 100 ಎಂಎಂನ ಯಾವುದೇ ಗಟ್ಟಿ ಲೆನ್ಸ್ ಹಿಡಿದು ಅದೇ ದೂರದಲ್ಲಿ, ಅದೇ ಬೆಳಕಿನಲ್ಲಿ ನಿಂತಿದ್ದರೂ ಆ ಮುಖ ಹೆಚ್ಚುಕಡಿಮೆ ಹಾಗೆಯೇ ಬರುತ್ತಿತ್ತು. ಕೊಳ್ಳುವವರ ಕಿವಿಗೆ ಬೀಳುವುದು ಮಾತ್ರ ಲೆನ್ಸ್‌ನ ಹೆಸರು.

50 ಎಂಎಂಗೂ ಹೀಗೇ ಆಯಿತು. ಫ್ರಾನ್ಸಿನ ಛಾಯಾಗ್ರಾಹಕ ಆಂರಿ ಕಾರ್ತಿಯೆ-ಬ್ರೆಸಾನ್ ಬಹುಪಾಲು 50 ಎಂಎಂನಲ್ಲಿ ತೆಗೆದರು ಎಂಬ ಕಾರಣಕ್ಕೆ ‘50 ಅಂದರೆ ಮನುಷ್ಯನ ಕಣ್ಣು’ ಎಂಬ ಮಾತು ಪಾಠದಂತೆ ಹಬ್ಬಿದೆ. ಅವರು ಆ ಒಂದು ಉದ್ದಕ್ಕೆ ಒಗ್ಗಿಹೋಗಿದ್ದರು. ಚೌಕಟ್ಟಿನೊಳಗೆ ಏನು ಬರುತ್ತದೆಂದು ಕ್ಯಾಮೆರಾ ಎತ್ತುವ ಮೊದಲೇ ಅವರಿಗೆ ಗೊತ್ತಿರುತ್ತಿತ್ತು. ಅವರಿಂದ ಕಲಿಯುವುದಿದ್ದರೆ ಆ ಅಭ್ಯಾಸವನ್ನು ಕಲಿಯಬೇಕು. ಚಿಕ್ಕ ಸೆನ್ಸರ್‌ನ ಎಪಿಎಸ್-ಸಿ ಕ್ಯಾಮೆರಾಗೆ 50 ಎಂಎಂ ಕೊಂಡವರಿಗೆ ಸಿಗುವುದು ದೊಡ್ಡ ಸೆನ್ಸರ್‌ನ, ಅಂದರೆ ಫುಲ್ ಫ್ರೇಮಿನ, 75 ಅಥವಾ 80 ಎಂಎಂನ ನೋಟ. ಬ್ರೆಸಾನ್ ಕಂಡದ್ದರ ಹತ್ತಿರ ಹೋಗಬೇಕಾದರೆ ಅವರಿಗೆ ಬೇಕಾಗಿದ್ದದ್ದು 33 ಅಥವಾ 35 ಎಂಎಂ.

ನಮ್ಮ ಕಡೆ ಹೆಸರಿನ ಪ್ರಭಾವ ಅತಿ ಹೆಚ್ಚು ಕಾಣುವುದು ಕಾಡಿನಲ್ಲಿ. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆ ಇದೆ, ಟಿ.ಎನ್.ಎ. ಪೆರುಮಾಳ್, ಕೃಪಾಕರ-ಸೇನಾನಿ ಅವರ ಚಿತ್ರಗಳನ್ನು ನೋಡಿ ಕ್ಯಾಮೆರಾ ಹಿಡಿದವರು ಸಾವಿರಾರು. ಈಗ ಕಬಿನಿಯ ಸಫಾರಿ ಜೀಪಿನಲ್ಲಿ 600 ಎಂಎಂ ಎಫ್/4 ಹಿಡಿದವರೇ ‘ಸೀರಿಯಸ್’ ಫೋಟೋಗ್ರಾಫರ್ ಎಂಬ ಭಾವನೆ ಬೆಳೆದಿದೆ. ಹೊಸದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಬೆಲೆಯ ಲೆನ್ಸ್ ಅದು. ಸಾಲ ಮಾಡಿ ಕೊಳ್ಳುವವರಿದ್ದಾರೆ, ಆದ್ದರಿಂದ ಲೆಕ್ಕವನ್ನು ಬಿಡಿಸಿಯೇ ನೋಡೋಣ.

ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಎಂಎಂ. ಚೌಕಟ್ಟಿಗೆ ಎಷ್ಟು ಅಗಲದ ದೃಶ್ಯ ಬರುತ್ತದೆ ಎಂದು ತಿಳಿಯಲು 36ನ್ನು ಲೆನ್ಸ್‌ನ ಎಂಎಂನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಸಾಕು. ಮೂವತ್ತು ಮೀಟರ್ ದೂರದಲ್ಲಿ 600 ಎಂಎಂ ಹಿಡಿಯುವುದು 1.8 ಮೀಟರ್ ಮಾತ್ರ. ದಾರಿಗೆ ಅಡ್ಡಲಾಗಿ ನಿಂತ ಹುಲಿಯ ಮೈಯೇ ಅಷ್ಟಿರುತ್ತದೆ; ಬಾಲ ಹೊರಗೆ. ಆನೆಯಂತೂ ಸೊಂಡಿಲು, ಕಣ್ಣು, ದಂತ, ಅಷ್ಟೇ. ಅದೇ ದೂರಕ್ಕೆ 400 ಎಂಎಂ 2.7 ಮೀಟರ್, 200 ಎಂಎಂ 5.4 ಮೀಟರ್ ಕೊಡುತ್ತದೆ. ಕಬಿನಿ ಹಿನ್ನೀರಿನ ದಡದಲ್ಲಿ ಬೇಸಿಗೆಯಲ್ಲಿ ಸೇರುವ ಆನೆ ಹಿಂಡು, ಹಿಂದೆ ಒಣಗಿದ ಮರ, ಮೇಲೆ ಮೋಡ, ಇಂಥ ಚಿತ್ರ ಬೇಕಿದ್ದವರಿಗೆ 70-200 ಅಥವಾ 100-400 ಕೈಯಲ್ಲಿರಬೇಕು. ಜೀಪನ್ನು ಹಿಂದೆ ತೆಗೆಯಿರಿ ಎಂದು ಕೇಳುವಂತಿಲ್ಲ. ದೂರ ನಮ್ಮ ಕೈಯಲ್ಲಿಲ್ಲದ ಕಡೆ ಜೂಮ್‌ಗೆ ಇರುವ ಬೆಲೆ ಒಂದೇ ಎಂಎಂನ ಪ್ರೈಮ್ ಲೆನ್ಸ್‌ಗೆ ಇರುವುದಿಲ್ಲ.

ಹಕ್ಕಿಗಳ ಲೆಕ್ಕ ಬೇರೆ. ಎಂಟು ಮೀಟರ್ ದೂರದ ಸಣ್ಣ ಮಿಂಚುಳ್ಳಿ ಹದಿನೇಳು ಸೆಂಟಿಮೀಟರ್ ಇದ್ದರೆ 600 ಎಂಎಂನ ಚೌಕಟ್ಟು 48 ಸೆಂಟಿಮೀಟರ್. ಮೂರನೇ ಒಂದು ಭಾಗ ಹಕ್ಕಿ, ಉಳಿದದ್ದು ಜಾಗ. ಇಲ್ಲಿ 600 ಬೇಕೇ ಬೇಕು, ಅಥವಾ ಎಪಿಎಸ್-ಸಿ ಬಾಡಿಯ ಮೇಲೆ 400. ಇನ್ನೂ ಹತ್ತಿರದ ಜಾಗಕ್ಕೆ ಬನ್ನಿ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನಂಥ ಕಡೆ ಹಕ್ಕಿ ನೀರಿಗೆ ಇಳಿಯುವ ತೊಟ್ಟಿಗೂ ನಮಗೂ ಕೆಲವೇ ಮೀಟರ್ ಅಂತರ. ಆರು ಮೀಟರ್‌ಗೆ 600 ಎಂಎಂ ಹಿಡಿಯುವುದು 36 ಸೆಂಟಿಮೀಟರ್. ಪಿಕಳಾರಕ್ಕೆ ಸಾಕು, ಉದ್ದ ಬಾಲದ ರಾಜಹಕ್ಕಿ ಗಂಡು ಬಂದು ಕೂತರೆ ಅದರ ಬಾಲ ಕತ್ತರಿಸಿಹೋಗುತ್ತದೆ. ಇನ್ನೊಂದು ಅಡಚಣೆ ಕನಿಷ್ಠ ಫೋಕಸ್ ದೂರ: ಸೋನಿಯ 600 ಎಂಎಂ ಎಫ್/4 ನಾಲ್ಕೂವರೆ ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಅದೇ ಕಂಪನಿಯ 200-600 ಜೂಮ್ 2.4 ಮೀಟರ್‌ವರೆಗೆ ಬರುತ್ತದೆ.

ಹಾಗಾದರೆ ಎಫ್/4ರ ದೊಡ್ಡ ಗಾಜು ಯಾವುದಕ್ಕೆ? ಬೆಳಕಿಗೆ. 600 ಎಂಎಂ ಎಫ್/4ರ ಬಾಯಿ 150 ಎಂಎಂ, ಎಫ್/6.3ರದ್ದು ಸುಮಾರು 95 ಎಂಎಂ. ವ್ಯತ್ಯಾಸ ಒಂದೂ ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡುಪಟ್ಟು). ನಾಗರಹೊಳೆಯ ಬೆಳಗಿನ ನೆರಳಿನಲ್ಲಿ 1/500 ಶಟರ್‌ಗೆ ಎಫ್/4ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 3200 ಬೇಕಾದರೆ ಎಫ್/6.3ರಲ್ಲಿ 8000 ಬೇಕು. ಇಪ್ಪತ್ತು ಇಂಚಿನ ಪ್ರಿಂಟ್ ಮಾಡಿಸಿ ಪ್ರದರ್ಶನಕ್ಕೆ ಕಳಿಸುವವರಿಗೆ ಈ ಅಂತರ ಕಾಣುತ್ತದೆ, ಹಿನ್ನೆಲೆ ಕರಗುವ ರೀತಿಯೂ ಬೇರೆ. ಫೋನಿನಲ್ಲಿ ಹಂಚಿಕೊಳ್ಳುವವರಿಗೆ, ಈಗಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಬಳಸುವವರಿಗೆ, ಕಾಣುವುದು ಕಷ್ಟ. ತೂಕದ ಪ್ರಶ್ನೆಯೂ ಇದೆ: ಕ್ಯಾನನ್‌ನ ಇಎಫ್ 600 ಎಫ್/4ರ ಮೂರನೇ ಆವೃತ್ತಿ ಮೂರು ಕಿಲೋ, 2023ರಲ್ಲಿ ಬಂದ ನಿಕಾನ್ ಝೆಡ್ 600 ಎಂಎಂ ಎಫ್/6.3 ಒಂದೂವರೆ ಕಿಲೋಗೂ ಕಡಿಮೆ. ಇಡೀ ದಿನ ಕೈಯಲ್ಲಿ ಹಿಡಿದು ನಡೆಯುವ ಪಕ್ಷಿವೀಕ್ಷಕರಿಗೆ ಎರಡನೆಯದು ಹೆಚ್ಚು ಚಿತ್ರ ಕೊಡುತ್ತದೆ. ಅದರಲ್ಲಿರುವ ಫ್ರೆನೆಲ್ ಗಾಜಿನಿಂದ, ಚೌಕಟ್ಟಿನೊಳಗೆ ಪ್ರಖರ ದೀಪವೋ ಸೂರ್ಯನೋ ಇದ್ದರೆ, ಉಂಗುರದಂಥ ಫ್ಲೇರ್ ಬರಬಹುದು ಎಂಬುದು ಗೊತ್ತಿರಲಿ.

ಕಾಡಿನಲ್ಲಿ ಲೆನ್ಸ್‌ಗೆ ಕೆಟ್ಟ ಹೆಸರು ಬರುವುದೂ ವಿವರ ಬಿಟ್ಟುಹೋದಾಗಲೇ. ‘600ರಲ್ಲಿ ಸಾಫ್ಟ್’ ಎಂದು ಜೂಮ್‌ಗಳನ್ನು ದೂರುವ ಚಿತ್ರಗಳ ಸಮಯ ನೋಡಿ: ಬೆಳಿಗ್ಗೆ ಹತ್ತರ ನಂತರ, ನೀರಿನ ಮೇಲಿಂದ, ಎಂಬತ್ತು-ನೂರು ಮೀಟರ್ ದೂರಕ್ಕೆ. ಅಲ್ಲಿ ಚಿತ್ರವನ್ನು ಕಲಕುವುದು ಬಿಸಿಗಾಳಿಯ ಅಲೆ. ಹತ್ತು ಲಕ್ಷದ ಲೆನ್ಸ್‌ಗೂ ಅದನ್ನು ದಾಟಲಾಗದು. ಜೀಪಿನ ಎಂಜಿನ್ ನಿಲ್ಲಿಸದೆ ಕಂಬಿಯ ಮೇಲೆ ಲೆನ್ಸ್ ಇಟ್ಟು ತೆಗೆದದ್ದು, ಮುಂದೆ ಅಗ್ಗದ ಯುವಿ ಫಿಲ್ಟರ್ ಹಾಕಿದ್ದು, ಇವೂ ಅಷ್ಟೇ ಸಾಮಾನ್ಯ. ಫಿಲ್ಟರ್ ಬಿಚ್ಚಿ, ಬೀನ್ ಬ್ಯಾಗ್ ಇಟ್ಟು, ಇಪ್ಪತ್ತು ಮೀಟರ್ ಒಳಗಿನ ವಸ್ತುವನ್ನು ಬೆಳಗಿನ ತಂಪಿನಲ್ಲಿ ತೆಗೆದು ನೋಡಿದ ಮೇಲೆ ತೀರ್ಪು ಕೊಡಬೇಕು.

ಮದುವೆ ಫೋಟೋಗ್ರಫಿಯಲ್ಲಿ ಹೆಸರಿನ ಸೆಳೆತ ಎಫ್/1.4, ಎಫ್/1.2ರ ಕಡೆಗೆ. 85 ಎಂಎಂ ಎಫ್/1.4ರಲ್ಲಿ ಎರಡು ಮೀಟರ್ ದೂರಕ್ಕೆ ಫೋಕಸ್‌ನ ಆಳ ಸುಮಾರು ನಾಲ್ಕೂವರೆ ಸೆಂಟಿಮೀಟರ್. ವಧುವಿನ ಒಂದು ಕಣ್ಣಿಗೆ ಸಾಕು. ಪಕ್ಕದಲ್ಲಿ ವರ ಒಂದು ಗೇಣು ಹಿಂದೆ ಕೂತಿದ್ದರೆ ಅವನ ಮುಖ ಮಸುಕು. ಮೂರು ಮೀಟರ್‌ಗೆ ಹೋಗಿ ಎಫ್/2.8 ಇಟ್ಟರೆ ಇಪ್ಪತ್ತು ಸೆಂಟಿಮೀಟರ್ ಸಿಗುತ್ತದೆ, ಜೋಡಿಗೆ ಆಗುತ್ತದೆ. ಧಾರೆಯ ಹೊತ್ತಿನಲ್ಲಿ ಕೈಗಳು, ಅಪ್ಪ-ಅಮ್ಮ, ಪುರೋಹಿತರು, ಹಿಂದೆ ನಿಂತ ನೆಂಟರು ಎಲ್ಲರೂ ಸ್ಪಷ್ಟ ಬೇಕು. ಅಲ್ಲಿ 35 ಎಂಎಂ ಎಫ್/4 ಮೂರು ಮೀಟರ್‌ನಿಂದ ಸುಮಾರು 1.9 ಮೀಟರ್ ಆಳ ಕೊಡುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಮೆಚ್ಚುಗೆ ಪಡೆಯುವ ಕರಗಿದ ಹಿನ್ನೆಲೆ 1080 ಪಿಕ್ಸೆಲ್ ಅಗಲದ್ದು. ಗಿರಾಕಿಯ ಕೈಗೆ ಹೋಗುವ 12×36 ಆಲ್ಬಂನ ಒಂದು ಪುಟ, 300 ಡಿಪಿಐಗೆ, 3600×5400 ಪಿಕ್ಸೆಲ್. ಸಣ್ಣ ಪರದೆಯಲ್ಲಿ ಕಾಣದ ತಪ್ಪಿದ ಫೋಕಸ್ ಆಲ್ಬಂನಲ್ಲಿ ಎದ್ದು ಕಾಣುತ್ತದೆ, ಆಗ ಆ ಮುಹೂರ್ತ ಮತ್ತೆ ಬರುವುದಿಲ್ಲ.

ಅಭಿಪ್ರಾಯಗಳು ನಮ್ಮ ಆಯ್ಕೆಯನ್ನಷ್ಟೇ ಅಲ್ಲ, ಲೆನ್ಸ್‌ಗಳನ್ನೇ ಬದಲಿಸಿವೆ. ಪರೀಕ್ಷಾ ಚಾರ್ಟ್ ಇಟ್ಟು, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಪೂರ್ತಿ ತೆರೆದು, ಮೂಲೆಗಳನ್ನು ಶೇ 100ಕ್ಕೆ ಹಿಗ್ಗಿಸಿ ನೋಡುವ ವಿಮರ್ಶೆಗಳು ಹೆಚ್ಚಿದಂತೆ ಕಂಪನಿಗಳು ಆ ಪರೀಕ್ಷೆಯಲ್ಲಿ ಗೆಲ್ಲುವ ಲೆನ್ಸ್ ಮಾಡತೊಡಗಿದವು. ನಿಕಾನ್‌ನ ಹಳೆಯ 50 ಎಂಎಂ ಎಫ್/1.4 ಡಿ: ಏಳು ಗಾಜು, 230 ಗ್ರಾಂ. 2014ರ ಸಿಗ್ಮಾ ಆರ್ಟ್ 50 ಎಂಎಂ ಎಫ್/1.4: ಹದಿಮೂರು ಗಾಜು, 815 ಗ್ರಾಂ. ಎರಡನೆಯದು ಎಫ್/1.4ರಲ್ಲಿ ಎಷ್ಟೋ ಪಾಲು ಸ್ಪಷ್ಟ, ಸಂಶಯವಿಲ್ಲ. ಎಫ್/5.6ಕ್ಕೆ ಇಳಿಸಿದರೆ ಎರಡರ ಅಂತರ ಸಾಧಾರಣ ಪ್ರಿಂಟಿನಲ್ಲಿ ಕಾಣದಷ್ಟು ಕಡಿಮೆಯಾಗುತ್ತದೆ. ಬೊಕೆಯದ್ದೂ, ಅಂದರೆ ಕರಗಿದ ಹಿನ್ನೆಲೆಯ ಗುಣದ್ದೂ, ಇದೇ ಹಾದಿ. 1997ರಲ್ಲಿ ಅಮೆರಿಕದ ‘ಫೋಟೋ ಟೆಕ್ನಿಕ್ಸ್’ ಪತ್ರಿಕೆ ಅದರ ಮೇಲೆ ಲೇಖನಗಳನ್ನು ಪ್ರಕಟಿಸುವ ತನಕ ಇಂಗ್ಲಿಷ್ ವಿಮರ್ಶೆಗಳಲ್ಲಿ ಮಸುಕಿನ ಗುಣಕ್ಕೆ ಹೆಚ್ಚಿನ ಜಾಗ ಇರಲಿಲ್ಲ. ಈಗ ಅದಿಲ್ಲದ ವಿಮರ್ಶೆ ಸಿಗುವುದಿಲ್ಲ.

ಇವತ್ತಿನ ಅಭಿಪ್ರಾಯದ ಹಿಂದೆ ಹಣದ ವ್ಯವಹಾರವೂ ಸೇರಿಕೊಂಡಿದೆ. ಕಂಪನಿಯ ರಾಯಭಾರಿಗಳು, ಬಿಡುಗಡೆಗೆ ಮೊದಲೇ ಎರಡು ವಾರಕ್ಕೆ ಸಿಗುವ ಲೆನ್ಸ್, ವಿಡಿಯೊ ಕೆಳಗಿನ ಕಮಿಷನ್ ಲಿಂಕ್. ಭಾರತದಲ್ಲಿ ಇದಕ್ಕೆ ನಿಯಮ ಇದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹಣ, ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ ಯಾವುದನ್ನು ಪಡೆದಿದ್ದರೂ ಹೇಳಬೇಕು. ವಿಡಿಯೊ ಆದರೆ ವಿಡಿಯೊ ಒಳಗೇ, ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅದೇ ಭಾಷೆಯಲ್ಲಿ ಹೇಳಬೇಕು. ದಾರಿತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಕನ್ನಡದ ವಿಮರ್ಶಕರಲ್ಲಿ ಇದನ್ನು ಪಾಲಿಸುವವರನ್ನು ಗುರುತಿಸಿ ಗೌರವಿಸಬೇಕು.

ನಿಯಮ ಹಿಡಿಯಲಾರದ್ದು ಕಾಲ. ಎರಡು ವಾರದ ಬಳಕೆಯಲ್ಲಿ ಜೂಮ್ ರಿಂಗ್ ಸಡಿಲವಾಗುವುದು, ಫೋಕಸ್ ಮೋಟಾರ್ ಸದ್ದು ಮಾಡುವುದು ಗೊತ್ತಾಗುವುದಿಲ್ಲ. ಒಣ ಹವೆಯ ದೇಶದಿಂದ ಬರುವ ವಿಮರ್ಶೆಯಲ್ಲಿ ಫಂಗಸ್ ಎಂಬ ಮಾತೇ ಇರುವುದಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ಲೆನ್ಸ್‌ನ ಆಯುಸ್ಸು ನಿಂತಿರುವುದೇ ಅದರ ಮೇಲೆ. ತೇವಾಂಶ ಶೇ 60 ದಾಟಿದ ಜಾಗದಲ್ಲಿ, ಬ್ಯಾಗಿನೊಳಗೆ ಕತ್ತಲಲ್ಲಿ ಒಂದು ಮಳೆಗಾಲ ಕಳೆದ ಲೆನ್ಸ್‌ನೊಳಗೆ ಬಿಳಿ ಬಲೆಯಂಥ ಎಳೆಗಳು ಹುಟ್ಟುತ್ತವೆ. ಅವು ಕೋಟಿಂಗ್ ತಿಂದಿದ್ದರೆ ಸ್ವಚ್ಛ ಮಾಡಿದರೂ ಗುರುತು ಹೋಗುವುದಿಲ್ಲ. ಶೇ 40ರಿಂದ 50ರಲ್ಲಿ ನಿಲ್ಲಿಸಿದ ಡ್ರೈ ಕ್ಯಾಬಿನೆಟ್, ಇಲ್ಲವೇ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಾಂಶ ಮಾಪಕ, ಲೆನ್ಸ್‌ನ ಬೆಲೆಯ ಜೊತೆಗೇ ಲೆಕ್ಕ ಹಾಕಬೇಕಾದ ಖರ್ಚು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು.

ಇನ್ನು, ವಿಮರ್ಶಕರ ಕೈಯಲ್ಲಿದ್ದ ಲೆನ್ಸ್ ಬೇರೆ, ನಿಮ್ಮ ಕೈಗೆ ಬರುವ ಲೆನ್ಸ್ ಬೇರೆ. ಒಂದೇ ಮಾದರಿಯ ಎರಡು ಲೆನ್ಸ್‌ಗಳ ನಡುವೆ ಜೋಡಣೆಯ ಸಣ್ಣ ಅಂತರ ಇದ್ದೇ ಇರುತ್ತದೆ. ಒಂದು ಗಾಜು ಅಕ್ಷದಿಂದ ಕೂದಲೆಳೆಯಷ್ಟು ಸರಿದರೂ ಚಿತ್ರದ ಒಂದು ಮಗ್ಗುಲು ಮಸುಕಾಗುತ್ತದೆ. ಇದನ್ನು ಮನೆಯ ತಾರಸಿಯಲ್ಲೇ ಪರೀಕ್ಷಿಸಬಹುದು. ಬೆಳಿಗ್ಗೆ ಬಿಸಿಲು ಏರುವ ಮೊದಲು ಟ್ರೈಪಾಡ್ ಇಟ್ಟು, ಸ್ಟೆಬಿಲೈಸೇಶನ್ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಡಿ. ನೂರು ಮೀಟರ್ ಆಚೆಯ ಒಂದು ಗುರುತನ್ನು, ಬೋರ್ಡಿನ ಅಕ್ಷರವೋ ಕಿಟಕಿಯ ಸರಳೋ, ಚೌಕಟ್ಟಿನ ನಡುವೆ ತಂದು ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ ಫೋಕಸ್ ಅಲುಗದಂತೆ ಬಿಡಿ. ಈಗ ಅದೇ ಗುರುತು ನಾಲ್ಕು ಮೂಲೆಗಳಲ್ಲಿ ಒಂದೊಂದರಲ್ಲೂ ಬರುವಂತೆ ಕ್ಯಾಮೆರಾ ತಿರುಗಿಸಿ ನಾಲ್ಕು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಥರ ಮೆತ್ತಗಿದ್ದರೆ ಅದು ಆ ಲೆನ್ಸ್‌ನ ಸ್ವಭಾವ. ಮೂರು ಚೆನ್ನಾಗಿದ್ದು ಒಂದು ಕೆಟ್ಟಿದ್ದರೆ ಜೋಡಣೆಯ ದೋಷ. ಜೂಮ್ ಆದರೆ ಎರಡು ತುದಿ ಮತ್ತು ನಡುವೆ, ಮೂರು ಸಲ ಮಾಡಬೇಕು. ಮೂಲೆಯಲ್ಲೇ ಮತ್ತೆ ಫೋಕಸ್ ಮಾಡಿದಾಗ ಅದು ಸ್ಪಷ್ಟವಾದರೆ ಫೋಕಸ್ ತಲ ಬಾಗಿದೆ ಎಂದರ್ಥ. ಗೋಡೆಯ ಚಿತ್ರಕ್ಕೆ ತೊಂದರೆ, ಮುಖದ ಚಿತ್ರಕ್ಕೆ ಏನೂ ಆಗದು. ದೋಷ ಕಂಡರೆ ವಾಪಸ್ ಮಾಡುವ ಅವಧಿಯೊಳಗೇ ಅಂಗಡಿಗೆ ಈ ಚಿತ್ರಗಳನ್ನು ತೋರಿಸಿ.

ಖ್ಯಾತಿ ವಸ್ತುವಿಗಿಂತ ನಿಧಾನ. ಸಿಗ್ಮಾ 2012ರಲ್ಲಿ ಆರ್ಟ್ 35 ಎಂಎಂ ಎಫ್/1.4 ತಂದು, ಪ್ರತಿಯೊಂದು ಲೆನ್ಸನ್ನೂ ಸ್ಪಷ್ಟತೆ ಅಳೆಯುವ ತನ್ನದೇ ಎಂಟಿಎಫ್ ಯಂತ್ರದಲ್ಲಿ ಪರೀಕ್ಷಿಸಿ ಕಳಿಸುವುದಾಗಿ ಹೇಳಿದ ಮೇಲೂ, ‘ಥರ್ಡ್ ಪಾರ್ಟಿ ಬೇಡ, ಒರಿಜಿನಲ್ ತಗೊಳ್ಳಿ’ ಎಂಬ ಸಲಹೆ ಅಂಗಡಿಗಳಲ್ಲಿ ವರ್ಷಗಟ್ಟಲೆ ಉಳಿಯಿತು. ಕ್ಯಾನನ್‌ನ 50 ಎಂಎಂ ಎಫ್/1.8 ಎಸ್‌ಟಿಎಂ 160 ಗ್ರಾಂ ತೂಕದ ಅಗ್ಗದ ಲೆನ್ಸ್. ಕಲಿಯುವವರದ್ದು ಎಂಬ ಹಣೆಪಟ್ಟಿ ಅದರ ಮೇಲಿದೆ, ಎಫ್/4ರಲ್ಲಿ ಅದು ಕೊಡುವ ಚಿತ್ರಕ್ಕೆ ಆ ಹಣೆಪಟ್ಟಿ ಹೊಂದುವುದಿಲ್ಲ. ಖ್ಯಾತಿ ನೇರವಾಗಿ ಲಾಭ ಕೊಡುವುದು ಮಾರುವಾಗ: ಹೆಸರಿದ್ದ ಲೆನ್ಸ್ ಬೇಗ ಮಾರಿಹೋಗುತ್ತದೆ, ಬಿಡಿಭಾಗವೂ ಹೆಚ್ಚು ಕಾಲ ಸಿಗುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರಿಯೇ.

ಯಾರದೇ ಶಿಫಾರಸು ಓದುವಾಗ ಕೇಳಬೇಕಾದ್ದು: ಎಷ್ಟು ದೂರದಿಂದ ತೆಗೆದದ್ದು, ಯಾವ ಅಪರ್ಚರ್, ಕೊನೆಗೆ ಎಷ್ಟು ದೊಡ್ಡದಾಗಿ ತೋರಿಸಿದ್ದು, ಲೆನ್ಸ್ ಕೊಂಡದ್ದೋ ಕೊಟ್ಟದ್ದೋ, ಎಷ್ಟು ತಿಂಗಳು ಬಳಸಿದ್ದು. ಅದಕ್ಕಿಂತ ಮೊದಲು ನಿಮ್ಮದೇ ಚಿತ್ರಗಳನ್ನು ಕೇಳಬೇಕು. ಲೈಟ್‌ರೂಮ್ ಸಾಫ್ಟ್‌ವೇರ್‌ನ ಲೈಬ್ರರಿ ಫಿಲ್ಟರ್‌ನಲ್ಲಿ ಮೆಟಾಡೇಟಾ ತೆರೆದು ಫೋಕಲ್ ಲೆಂತ್ ಮತ್ತು ಅಪರ್ಚರ್ ಆರಿಸಿದರೆ ಒಂದು ವರ್ಷದ ಚಿತ್ರಗಳ ಹಂಚಿಕೆ ಬರುತ್ತದೆ. ದುಡ್ಡಿಲ್ಲದೆ ಸಿಗುವ ಡಿಜಿಕ್ಯಾಮ್ (digiKam) ಸಾಫ್ಟ್‌ವೇರ್‌ನಲ್ಲೂ ಇದು ಆಗುತ್ತದೆ. ಎಲ್ಲವನ್ನೂ ಬಿಟ್ಟು, ನೀವು ಉಳಿಸಿಕೊಂಡ, ಪ್ರಿಂಟ್ ಮಾಡಿಸಿದ ಚಿತ್ರಗಳನ್ನು ಮಾತ್ರ ಎಣಿಸಿ. ಅವು ನಿಮ್ಮ ಜೂಮ್‌ನ ಉದ್ದದ ತುದಿಯಲ್ಲೇ ಗುಂಪಾಗಿದ್ದು, ಅದರ ಮೇಲೂ ಅರ್ಧಕ್ಕಿಂತ ಹೆಚ್ಚು ಕ್ರಾಪ್ ಆಗಿದ್ದರೆ ಉದ್ದ ಸಾಲುತ್ತಿಲ್ಲ. ಅಪರ್ಚರ್ ಪೂರ್ತಿ ತೆರೆದಿದ್ದೂ ಐಎಸ್‌ಒ 6400 ದಾಟಿದ್ದರೆ ಬೆಳಕು ಸಾಲುತ್ತಿಲ್ಲ. ಎರಡೂ ಇಲ್ಲದಿದ್ದರೆ ಹೊಸ ಲೆನ್ಸ್‌ಗೆ ಕಾರಣ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದರೆ, ಆ ಲೆನ್ಸನ್ನು ಬಾಡಿಗೆಗೆ ತಂದು ನಿಮ್ಮದೇ ಕ್ಯಾಮೆರಾಗೆ ಹಾಕಿ, ನೀವು ಮಾಮೂಲಿ ತೆಗೆಯುವ ಜಾಗದಲ್ಲಿ, ಮಾಮೂಲಿ ಹೊತ್ತಿನಲ್ಲಿ ಒಂದು ಶನಿವಾರ-ಭಾನುವಾರ ಬಳಸಿ. ಆ ಎರಡು ದಿನದ ಚಿತ್ರಗಳನ್ನು ಇದೇ ಫಿಲ್ಟರ್‌ಗೆ ಹಾಕಿ ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿ.